ಲೂಟ್ ಜುಯ್ ಅನ್ನುತ್ತಿದೆ: ತಪ್ಪು ವಾದ್ಯದ್ದೋ, ಕೈಯದ್ದೋ?

ಮೂರನೇ ಜೋಡಿ ತಂತಿಯನ್ನು ಕತ್ತಿನ ಎರಡನೇ ಮೆಟ್ಟಿಲಲ್ಲಿ ಒತ್ತಿ ಮೀಟಿದರೆ ‘ಜುಯ್’ ಅನ್ನುತ್ತಿತ್ತು. ಒಂದನೇ ಮೆಟ್ಟಿಲಲ್ಲಿ ಸರಿ, ಮೂರನೆಯದರಲ್ಲೂ ಸರಿ. ಎರಡರಲ್ಲಿ ಮಾತ್ರ ಒಳಗೆ ದುಂಬಿ ಹೊಕ್ಕ ಹಾಗೆ. ಜನವರಿ ತಿಂಗಳು, ನೆದರ್ಲೆಂಡ್ಸ್‌ನ ಚಳಿ, ಮನೆಯಲ್ಲಿ ಹಗಲೂ ರಾತ್ರಿ ಹೀಟರ್. ಹಿಂದಿನ ವಾರದವರೆಗೆ ಚೆನ್ನಾಗಿಯೇ ನುಡಿಯುತ್ತಿದ್ದ ಲೂಟ್ ಅದು, ಯುರೋಪಿನ ಹಳೆಯ ತಂತಿವಾದ್ಯ.

ನಾನು ಮೈಸೂರಿನಲ್ಲಿ ವೀಣೆ ಕಲಿತವಳು. ವೀಣೆಯಲ್ಲಿ ಈ ಜುಯ್ ಇಲ್ಲದಿದ್ದರೆ ನಮ್ಮ ಮೇಷ್ಟ್ರು ಮುಖ ಸಿಂಡರಿಸುತ್ತಿದ್ದರು. ತಂತಿ ಹೊರುವ ಕುದುರೆಯ ಮೇಲಿನ ಲೋಹದ ತಗಡನ್ನು ಉಜ್ಜಿ ಉಜ್ಜಿ ಆ ಝೇಂಕಾರ ಬರಿಸುವುದೇ ಒಂದು ದೊಡ್ಡ ಕಸುಬು. ಲೂಟಿನಲ್ಲಿ ಅದೇ ಶಬ್ದ ಬಂದರೆ ಕಾಯಿಲೆ. ಹಾಗಂತ ನಾನು ತಿಳಿದಿದ್ದೆ. ಅದು ಕೂಡ ಪೂರ್ತಿ ನಿಜವಲ್ಲ, ಮುಂದೆ ಹೇಳುತ್ತೇನೆ.

ನನ್ನ ವಾದ್ಯದಲ್ಲಿ ಒಂದು ದೋಷ ಅಂದುಕೊಂಡದ್ದು ಕೊನೆಗೆ ಮೂರಾಗಿತ್ತು. ಒಂದು ಮೆಟ್ಟಿಲಿನದು, ಒಂದು ಹಲಗೆಯದು, ಇನ್ನೊಂದು ನನ್ನ ಬಲಗೈಯದು. ಮೂರನ್ನೂ ಬಿಡಿಸಿ ನೋಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಊದ್ ಅಥವಾ ಗಿಟಾರ್ ನುಡಿಸುವವರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ.

ವಾದ್ಯ ಹೇಗಿದೆ ಅಂತ ಮೊದಲು ತಿಳಿದಿರಲಿ

ಅರಬ್ಬರ ಊದ್ ಯುರೋಪಿಗೆ ಹೋಗಿ ಲೂಟ್ ಆಯಿತು. ‘ಅಲ್ ಊದ್’ ಅನ್ನುವ ಹೆಸರೇ ಸವೆದು ಸವೆದು ಲೂಟ್ ಆದದ್ದು. ದೊಡ್ಡ ಬದನೆಕಾಯಿಯನ್ನು ಉದ್ದಕ್ಕೆ ಸೀಳಿದರೆ ಹೇಗಿರುತ್ತದೋ ಹಾಗಿದೆ. ವೀಣೆಯ ಕೊಡವನ್ನು ಹಲಸಿನ ದಿಮ್ಮಿಯಲ್ಲಿ ಕೊರೆಯುತ್ತಾರೆ. ಇದರ ಹೊಟ್ಟೆ ಹಾಗಲ್ಲ, ತೆಳ್ಳಗಿನ ಮರದ ಪಟ್ಟಿಗಳನ್ನು ಬಗ್ಗಿಸಿ ಒಂದಕ್ಕೊಂದು ಅಂಟಿಸಿದ್ದು. ಮುಂದಿನ ಹಲಗೆ ಸ್ಪ್ರೂಸ್ ಮರದ್ದು, ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ಅದರ ಮಧ್ಯೆ ಜಾಲಂದ್ರದಂತೆ ಕೆತ್ತಿದ ಹೂವು. ಹಲಗೆಯ ಒಳಮೈಗೆ ಅಡ್ಡಪಟ್ಟಿಗಳನ್ನು ಅಂಟಿಸಿರುತ್ತಾರೆ. ಕುದುರೆಯೂ ಹಲಗೆಗೆ ಅಂಟಿಕೊಂಡೇ ಇರುತ್ತದೆ, ತಂತಿಯನ್ನು ಅದಕ್ಕೇ ಕಟ್ಟಬೇಕು. ಇಡೀ ವಾದ್ಯ ಎತ್ತಿದರೆ ಒಂದು ಕಿಲೋ ಕೂಡ ತೂಗುವುದಿಲ್ಲ.

ನನ್ನದು ಎಂಟು ಸಾಲಿನ ರಿನೈಸಾನ್ಸ್ ಲೂಟ್. ಮೇಲಿನ ಸ್ವರದ ಮೊದಲ ತಂತಿ ಒಂಟಿ, ಉಳಿದ ಏಳೂ ಜೋಡಿ, ಒಟ್ಟು 15 ತಂತಿ. ನುಡಿಯುವ ಉದ್ದ 60 ಸೆಂಟಿಮೀಟರ್. ಒಂದೊಂದು ತಂತಿಯ ಎಳೆತ ಮೂರು ಕಿಲೋ ಅಂತ ಹಿಡಿದರೂ ಈ ಹಪ್ಪಳದಂಥ ಹಲಗೆ 45 ಕಿಲೋ ತಡೆದುಕೊಂಡು ಕೂತಿದೆ. ಇಷ್ಟು ಹಗುರ ಇರುವುದರಿಂದಲೇ ಮೆಲ್ಲಗೆ ಮೀಟಿದರೂ ನುಡಿಯುತ್ತದೆ. ಅದೇ ಕಾರಣಕ್ಕೆ ಸಣ್ಣ ಬಿರುಕು ಬಿಟ್ಟರೂ ಬಾಯಿ ಬಿಟ್ಟು ಹೇಳುತ್ತದೆ.

ಐದು ನಿಮಿಷದ ಕೆಲಸ

ನಗಬೇಡಿ, ಮೊದಲು ನಿಮ್ಮನ್ನೇ ನೋಡಿಕೊಳ್ಳಿ. ಬಳೆ, ಕತ್ತಿನ ಸರ, ಅಂಗಿಯ ಗುಂಡಿ ಲೂಟಿನ ಬೆನ್ನಿಗೆ ತಾಗಿದರೆ ಬಿರುಕು ಬಿಟ್ಟ ಹಾಗೇ ಕೇಳಿಸುತ್ತದೆ. ನಾನು ಒಂದು ಸಲ ಎರಡು ದಿನ ತಲೆ ಕೆಡಿಸಿಕೊಂಡು ಹುಡುಕಿದ ಶಬ್ದ ನನ್ನ ಮಾಂಗಲ್ಯದ ಸರದ್ದಾಗಿತ್ತು.

ಆಮೇಲೆ ಕೋಣೆ. ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿ, ಕಿಟಕಿಯ ಗಾಜು, ಯಾವುದೋ ಒಂದು ಸ್ವರಕ್ಕೆ ತಾನೂ ದನಿಗೂಡಿಸುತ್ತದೆ. ಬೇರೆ ಕೋಣೆಗೆ ಹೋಗಿ ನುಡಿಸಿ.

ಕೊನೆಗೆ ತಂತಿಯ ತುದಿಗಳು. ಕುದುರೆಯಲ್ಲಿ ಗಂಟು ಹಾಕಿ ಉಳಿದ ಬಾಲ ಹಲಗೆಗೆ ತಾಗುತ್ತಿದೆಯಾ? ಶ್ರುತಿ ಮಾಡುವ ಬಿರಡೆಗಳ ಹತ್ತಿರ ಸುತ್ತಿ ಉಳಿದ ತುಂಡು ಪಕ್ಕದ ತಂತಿಗೆ ಒರಗಿದೆಯಾ? ಕತ್ತರಿಸಿ, ಆದರೆ ಗಂಟಿಗೆ ತೀರಾ ಹತ್ತಿರ ಬೇಡ.

ಎಲ್ಲಿ ಬರುತ್ತದೆ ಅನ್ನುವಷ್ಟೇ ಮುಖ್ಯ, ಎಲ್ಲಿ ಬರುವುದಿಲ್ಲ ಅನ್ನುವುದು

ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಜೋಡಿಯನ್ನೂ ಎಲ್ಲೂ ಒತ್ತದ ಬಿಟ್ಟ ತಂತಿಯಿಂದ ಹಿಡಿದು ಎಂಟನೇ ಮೆಟ್ಟಿಲವರೆಗೆ ಒಂದೊಂದಾಗಿ ಮೀಟಿ. ಜುಯ್ ಬಂದಲ್ಲಿ ಒಂದು ಚುಕ್ಕಿ ಇಡಿ. ಹತ್ತು ನಿಮಿಷ ಸಾಕು. ಚುಕ್ಕಿಗಳು ಬಿದ್ದಿರುವ ಬಗೆಯಲ್ಲೇ ಉತ್ತರ ಇರುತ್ತದೆ.

ಬಿಟ್ಟ ತಂತಿಯಲ್ಲಿ ಮಾತ್ರ ಬಂದು, ಯಾವ ಮೆಟ್ಟಿಲಲ್ಲಿ ಒತ್ತಿದರೂ ನಿಂತುಹೋದರೆ, ಕತ್ತಿನ ಮೇಲ್ತುದಿಯ ಮೂಳೆಪಟ್ಟಿಯಲ್ಲಿ ತಂತಿ ಕೂರುವ ಕಚ್ಚು ಆಳವಾಗಿದೆ ಎಂದರ್ಥ. ಕಚ್ಚಿಗೆ ಸಣ್ಣ ಕಾಗದದ ಚೂರು ಇಟ್ಟು ನೋಡಿ. ನಿಂತಿತೇ? ಹಾಗಾದರೆ ಅದೇ.

ಒಂದೇ ಮೆಟ್ಟಿಲಲ್ಲಿ ಬಂದರೆ ಮೆಟ್ಟಿಲಿನ ದೋಷ.

ಒಂದೇ ಸ್ವರಕ್ಕೆ ಬಂದರೆ, ಅದನ್ನು ಯಾವ ತಂತಿಯಲ್ಲಿ ಯಾವ ಜಾಗದಲ್ಲಿ ನುಡಿಸಿದರೂ ಬಂದರೆ, ಮೈಯಲ್ಲಿ ಏನೋ ಸಡಿಲವಾಗಿದೆ.

ಚುಕ್ಕಿಗಳು ಎಲ್ಲೆಂದರಲ್ಲಿ ಬಿದ್ದು, ನಾಳೆ ನುಡಿಸಿದರೆ ಬೇರೆ ಕಡೆ ಬಿದ್ದರೆ? ಆಗ ಕೈ. ಹೆಚ್ಚಿನವರದು ಇದೇ, ಮತ್ತು ಹೆಚ್ಚಿನವರು ಕೊನೆಗೆ ನೋಡುವುದೂ ಇದನ್ನೇ.

ನನ್ನ ಹಾಳೆಯಲ್ಲಿ ಮೂರನೇ ಜೋಡಿಯ ಎರಡನೇ ಮೆಟ್ಟಿಲಲ್ಲಿ ಗಟ್ಟಿ ಚುಕ್ಕಿ. ನಾಲ್ಕನೇ ಜೋಡಿಯ ಬಿಟ್ಟ ತಂತಿ, ಐದನೇ ಜೋಡಿಯ ಐದನೇ ಮೆಟ್ಟಿಲು, ಏಳನೇ ಜೋಡಿಯ ಬಿಟ್ಟ ತಂತಿ, ಇಲ್ಲೆಲ್ಲ ಸಣ್ಣ ಚುಕ್ಕಿ. ಇವಲ್ಲದೆ ಅಲ್ಲೊಂದು ಇಲ್ಲೊಂದು ಚೆಲ್ಲಿದ ಚುಕ್ಕಿಗಳು.

ಮೆಟ್ಟಿಲು ಸವೆದಿದ್ದರೆ

ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಬಿಸಿ ಮಾಡದೆ ಅಲ್ಲಾಡುವುದಿಲ್ಲ. ಲೂಟಿನ ಮೆಟ್ಟಿಲು ಅಂದರೆ ಕತ್ತಿಗೆ ಸುತ್ತಿ ಗಂಟು ಹಾಕಿದ ಕರುಳಿನ ದಾರ, ಅಷ್ಟೇ. ಬೇಕೆಂದ ಕಡೆಗೆ ಸರಿಸಬಹುದು, ಕತ್ತರಿಸಿ ಹೊಸದು ಕಟ್ಟಬಹುದು. ತಂತಿ ದಿನಾ ಅದರ ಮೇಲೆ ಉಜ್ಜಿ ಉಜ್ಜಿ ಹಳ್ಳ ಬೀಳುತ್ತದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ, ಉಗುರು ಎಳೆದರೂ ಗೊತ್ತಾಗುತ್ತದೆ.

ಎರಡನೆಯದು ಸವೆದು ತಗ್ಗಿದರೆ ಅಲ್ಲಿ ಒತ್ತಿದ ತಂತಿ ಮೂರನೆಯದಕ್ಕೆ ತಾಗುತ್ತದೆ. ಮೂರನೆಯದೇ ಎತ್ತರವಾಗಿದ್ದಿದ್ದರೆ ಒಂದರಲ್ಲಿ ಒತ್ತಿದಾಗಲೂ ಕಿರಿಕಿರಿ ಇರಬೇಕಿತ್ತು. ನನಗೆ ಇರಲಿಲ್ಲ. ಹಾಗಾಗಿ ಎರಡನೆಯದನ್ನೇ ಬದಲಿಸಿದೆ.

ಎಷ್ಟು ದಪ್ಪದ್ದು ಕಟ್ಟಬೇಕು? 1610ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಲೂಟ್ ಸಂಗ್ರಹದಲ್ಲಿ ಇಂಗ್ಲೆಂಡಿನ ಲೂಟ್ ವಾದಕ ಜಾನ್ ಡೌಲ್ಯಾಂಡ್ ಬರೆದ ಟಿಪ್ಪಣಿಯಿದೆ. ಅವನ ಲೆಕ್ಕಕ್ಕೆ ಮೈಕ್ರೋಮೀಟರ್ ಬೇಡ. ಮೊದಲ ಎರಡು ಮೆಟ್ಟಿಲಿಗೆ ನಾಲ್ಕನೇ ಜೋಡಿಯ ತಂತಿಯ ದಪ್ಪ, ಮುಂದಿನ ಎರಡಕ್ಕೆ ಮೂರನೇ ಜೋಡಿಯದು, ಐದು ಮತ್ತು ಆರಕ್ಕೆ ಎರಡನೆಯದು, ಉಳಿದವಕ್ಕೆಲ್ಲ ಮೊದಲ ತಂತಿಯದು. ಉಳಿದ ತುಂಡು ತಂತಿಯೇ ಮೆಟ್ಟಿಲು. ಅಡುಗೆಮನೆಯ ಅಳತೆಯಂತಿದೆ, ಅಲ್ವಾ? ಇದರ ಹಿಂದಿನ ಗುಟ್ಟು ಇಷ್ಟು. ಕತ್ತಿನಿಂದ ಹೊಟ್ಟೆಯ ಕಡೆ ಬಂದಂತೆ ಮೆಟ್ಟಿಲು ತೆಳ್ಳಗಾಗಬೇಕು. ಹಾಗಿದ್ದರೆ ಪ್ರತಿ ಮೆಟ್ಟಿಲೂ ತನ್ನ ಮುಂದಿನದಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ, ಒತ್ತಿದ ತಂತಿ ಎಲ್ಲೂ ತಾಗದೆ ಸಾಗುತ್ತದೆ.

ಕಟ್ಟುವುದು ಹೀಗೆ. ಬೇಕಾದ ಜಾಗಕ್ಕಿಂತ ಸ್ವಲ್ಪ ಮೇಲೆ, ಬಿರಡೆಗಳ ಕಡೆಗೆ ಗಂಟು ಹಾಕಿ. ಅಲ್ಲಿ ಕತ್ತು ಸಣ್ಣ. ಎಳೆದು ಬಿಗಿ ಮಾಡಿ ತುದಿಗಳನ್ನು ಕಡ್ಡಿ ಗೀರಿ ಸುಡಿ, ಕರುಳು ಸುಟ್ಟು ಗುಂಡಗೆ ಗಂಟಾಗುತ್ತದೆ. ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ವಾರ್ನಿಷ್‌ಗೆ ಬೆಂಕಿ ತಾಗದ ಹಾಗೆ ನಡುವೆ ಒಂದು ಚಮಚ ಅಡ್ಡ ಹಿಡಿಯಿರಿ. ಈಗ ಮೆಟ್ಟಿಲನ್ನು ಹೊಟ್ಟೆಯ ಕಡೆಗೆ ತಳ್ಳಿ. ಕತ್ತು ಅಗಲವಾಗುತ್ತಾ ಹೋಗುವುದರಿಂದ ತಾನೇ ಬಿಗಿಯಾಗಿ ಕೂರುತ್ತದೆ.

ಹಳೆಯ ಕ್ರಮದಂತೆ ದಾರವನ್ನು ಎರಡು ಸುತ್ತು ಕಟ್ಟಿದ್ದರೆ ಇನ್ನೊಂದು ತೊಂದರೆ ಬರಬಹುದು. ಬಿರಡೆ ಕಡೆಯ ಎಳೆ ಎತ್ತರವಾಗಿ, ಕುದುರೆ ಕಡೆಯ ಎಳೆ ತಗ್ಗಿದ್ದರೆ ತಂತಿ ಆ ತಗ್ಗಿನ ಎಳೆಗೇ ಬಡಿದು ಜುಯ್ ಅನ್ನುತ್ತದೆ. ಗಂಟು ಬಿಚ್ಚಿ ತಿರುಗಿಸಿ ಕಟ್ಟಿ.

ಹೊಸ ಮೆಟ್ಟಿಲು ಕಟ್ಟಿದ ಮೇಲೆ ನನ್ನ ಗಟ್ಟಿ ಚುಕ್ಕಿ ಅಳಿಸಿತು. ಸಣ್ಣ ಚುಕ್ಕಿಗಳು ಹಾಗೇ ಉಳಿದವು.

ಈಗ ಆ ‘ಪೂರ್ತಿ ನಿಜವಲ್ಲ’ ಅಂದದ್ದು. ಸುಮಾರು 1517ರಲ್ಲಿ ವಿನ್ಸೆಂಜೊ ಕಾಪಿರೋಲಾ ಎಂಬ ಇಟಲಿಯ ಲೂಟ್ ವಾದಕನ ರಚನೆಗಳನ್ನು ಅವನ ಶಿಷ್ಯ ವಿಡಾಲ್ ಕೈಬರಹದಲ್ಲಿ ಬರೆದಿಟ್ಟ. ಸಂಗೀತ ಗೊತ್ತಿಲ್ಲದವರ ಕೈಗೆ ಸಿಕ್ಕರೂ ಅಂದಕ್ಕಾಗಿಯಾದರೂ ಕಾಪಾಡಲಿ ಅಂತ ಪುಟಗಳ ತುಂಬ ಪ್ರಾಣಿ ಪಕ್ಷಿಗಳ ಚಿತ್ರ ಬರೆದ. ಉಪಾಯ ಫಲಿಸಿತು, ಪುಸ್ತಕ ಈಗ ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಅದರ ಮುನ್ನುಡಿಯಲ್ಲಿ ಮೆಟ್ಟಿಲು ಕಟ್ಟುವ ಗುಟ್ಟು ಇದೆ. ತಂತಿ ಮೆಟ್ಟಿಲಿಗೆ ಇನ್ನೇನು ತಾಗಿತು ಅನ್ನುವಷ್ಟು ಹತ್ತಿರ ಇರಲಿ, ಆಗ ಹಾರ್ಪಿನಂತೆ ನುಡಿಯುತ್ತದೆ ಅಂತ. ಆ ಕಾಲದ ಹಾರ್ಪಿನಲ್ಲಿ ತಂತಿಗೆ ತಾಗುವ ಸಣ್ಣ ಗೂಟಗಳಿದ್ದವು, ಅವು ಬೇಕೆಂದೇ ಝೇಂಕರಿಸುತ್ತಿದ್ದವು. ಅಂದರೆ 1517ರ ಒಬ್ಬ ವಾದಕನಿಗೆ ನನ್ನ ದೋಷ ದೋಷವೇ ಅಲ್ಲದಿರಬಹುದು! ನಮ್ಮ ವೀಣೆ ಮೇಷ್ಟ್ರು ಅವನ ಪಕ್ಕ ಕೂತಿದ್ದರೆ ಇಬ್ಬರಿಗೂ ಮಾತು ಹೊಂದುತ್ತಿತ್ತು. ಆದರೆ ಗಮನಿಸಿ, ಅಂಥ ಝೇಂಕಾರ ಎಲ್ಲ ತಂತಿಯಲ್ಲೂ ಒಂದೇ ಸಮ ಬರಬೇಕು. ಒಂದೇ ಮೆಟ್ಟಿಲಲ್ಲಿ ಬಂದರೆ ಅದನ್ನು ಶೈಲಿ ಅಂತ ಹೇಳಿ ತಪ್ಪಿಸಿಕೊಳ್ಳಲಾಗದು.

ಒಂದೇ ಸ್ವರಕ್ಕೆ ಬಂದರೆ

ನನ್ನ ಸಣ್ಣ ಚುಕ್ಕಿಗಳನ್ನು ಮತ್ತೆ ನೋಡಿ. ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ ಹೇಳಿದರೆ, ನಾಲ್ಕನೇ ಜೋಡಿಯ ಬಿಟ್ಟ ತಂತಿ ಎಫ್. ಐದನೇ ಜೋಡಿ ಸಿ, ಅದರ ಐದನೇ ಮೆಟ್ಟಿಲು ಮತ್ತದೇ ಎಫ್. ಏಳನೆಯದು ಕೆಳಗಿನ ಎಫ್, ಅದರ ಜೊತೆಗಾರ ತಂತಿ ಮೇಲಿನ ಎಫ್. ಮೂರೂ ಕಡೆ 175 ಹರ್ಟ್ಸ್ ಹತ್ತಿರದ ಒಂದೇ ಕಂಪನ. ತಂತಿ ಬೇರೆ, ಜಾಗ ಬೇರೆ, ಸ್ವರ ಒಂದೇ. ಇದು ಮೆಟ್ಟಿಲಿನ ಗುರುತಲ್ಲ. ಮೈಯಲ್ಲಿರುವ ಯಾವುದೋ ಸಡಿಲ ತುಂಡಿಗೆ ಆ ಕಂಪನ ಒಗ್ಗಿದೆ.

ಹುಡುಕಲು ಇಬ್ಬರು ಬೇಕು. ಒಬ್ಬರು ಅದೇ ಸ್ವರವನ್ನು ಮೀಟುತ್ತಿರಲಿ. ಇನ್ನೊಬ್ಬರು ಬೆರಳ ತುದಿಯಿಂದ ಹಲಗೆಯನ್ನು ಅಲ್ಲಲ್ಲಿ ಮೆಲ್ಲಗೆ ಒತ್ತುತ್ತಾ ಹೋಗಲಿ. ಅಂಚುಗಳು, ಹೂವಿನ ಸುತ್ತ, ಕುದುರೆಯ ಎರಡೂ ಬದಿ, ಆಮೇಲೆ ಬೆನ್ನಿನ ಪಟ್ಟಿಗಳ ಕೂಡುಗೆರೆಗಳು. ಒತ್ತಿದಲ್ಲಿ ಶಬ್ದ ನಿಂತರೆ ಅಲ್ಲೇ. ಒಬ್ಬರೇ ಇದ್ದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ತೆಂಗಿನಕಾಯಿ ತಟ್ಟುವ ಹಾಗೆ. ಗಟ್ಟಿ ಇರುವ ಕಡೆ ‘ಟಕ್’, ಅಂಟು ಬಿಟ್ಟಲ್ಲಿ ‘ಚರ್’.

ಹೂವಿನ ಎಸಳು ಮುರಿದು ಅಲ್ಲಾಡುವುದೂ ಉಂಟು. ಅದಕ್ಕೆ ಒಂದು ಹನಿ ಅಂಟು ಸಾಕು.

ನನ್ನದರಲ್ಲಿ ಶಬ್ದ ನಿಂತದ್ದು ಕುದುರೆ ಮತ್ತು ಹೂವಿನ ನಡುವೆ, ಸಣ್ಣ ತಂತಿಗಳ ಕಡೆಯ ಅಂಚಿನಲ್ಲಿ. ಒಳಗಿನ ಅಡ್ಡಪಟ್ಟಿಯ ತುದಿ ಹಲಗೆಯಿಂದ ಬಿಟ್ಟಿತ್ತು. ಒಣ ಹವೆಗೆ ಹಲಗೆ ಕುಗ್ಗುತ್ತದೆ. ಅಡ್ಡಪಟ್ಟಿಯ ಎಳೆ ಹಲಗೆಯ ಎಳೆಗೆ ಅಡ್ಡ ಇರುವುದರಿಂದ ಅದು ಆ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಜಗ್ಗಾಟದಲ್ಲಿ ಅಂಟು ಸೋಲುತ್ತದೆ. ಹೀಟರಿನ ಕೆಲಸ.

ಇದನ್ನು ನೀವೇ ಮಾಡಲು ಹೋಗಬೇಡಿ. ಹೂವಿನ ಕಿಂಡಿಯಿಂದ ಸಿರಿಂಜಲ್ಲಿ ಅಂಟು ಚಿಮ್ಮಿಸುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಅಂಟು ಎಲ್ಲಿ ಬಿತ್ತು ಅಂತ ಕಾಣುವುದಿಲ್ಲ, ಮುಂದೆ ಬಿಚ್ಚುವವರಿಗೆ ನರಕ. ಲೂಟಿನ ಹಲಗೆಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕೂರಿಸುವುದೇ ಬೇಕಾದಾಗ ಬಿಚ್ಚಲಿ ಅಂತ.

ಇನ್ನು ಕೈ

ಚೆಲ್ಲಿದ ಚುಕ್ಕಿಗಳಿಗೆ ಬರೋಣ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಹಳೆಯ ವಿಸಿಟಿಂಗ್ ಕಾರ್ಡಿನ ಮೂಲೆ ತೆಗೆದುಕೊಂಡು ಜೋಡಿಯನ್ನು ಹಲಗೆಗೆ ಸಮಾನಾಂತರವಾಗಿ ಅಡ್ಡ ಮೀಟಿ. ಕಾರ್ಡಿಗೆ ಶುದ್ಧವಾಗಿ ನುಡಿದು, ಬೆರಳಿಗೆ ಕಟಕಟ ಅಂದರೆ ವಾದ್ಯ ನಿರಪರಾಧಿ.

ಕಾರ್ಡೇ ಯಾಕೆ? ಲೂಟ್ ಮೊದಲು ಹಾಗೇ ನುಡಿಯುತ್ತಿತ್ತು. 15ನೇ ಶತಮಾನದ ಬಹುಪಾಲು ಅದನ್ನು ಹಕ್ಕಿಯ ಗರಿಯಿಂದ ಮೀಟುತ್ತಿದ್ದರು. ಆ ಶತಮಾನದ ಕೊನೆಯ ಹೊತ್ತಿಗೆ ಒಂದೇ ಸಲಕ್ಕೆ ಎರಡು ಮೂರು ಧಾರೆ ನುಡಿಸುವ ಆಸೆ ಹುಟ್ಟಿ ಗರಿ ಬಿಟ್ಟು ಬೆರಳಿಗೆ ಬಂದರು. ಕೈ ಮಾತ್ರ ಗರಿ ಹಿಡಿದ ಕೈಯಂತೆಯೇ ಉಳಿಯಿತು. ಮುಂಗೈ ತಂತಿಗಳಿಗೆ ಹೆಚ್ಚುಕಡಿಮೆ ಸಮಾನಾಂತರ, ಕಿರುಬೆರಳು ಹಲಗೆಯ ಮೇಲೆ ಊರಿರುತ್ತದೆ, ಹೆಬ್ಬೆರಳು ತೋರುಬೆರಳಿನ ಅಡಿಯಲ್ಲಿ, ಅಂಗೈ ಕಡೆಗೆ ಓಡುತ್ತದೆ. ಹೆಬ್ಬೆರಳು ಕೆಳಗೆ, ತೋರುಬೆರಳು ಮೇಲೆ, ಗರಿಯ ಹೋಗಿಬರುವ ಓಟ ಈಗ ಎರಡು ಬೆರಳಲ್ಲಿ. ಜೋರಾದ ಪೆಟ್ಟು ಹೆಬ್ಬೆರಳಿಗೆ, ಹಗುರದ್ದು ತೋರುಬೆರಳಿಗೆ. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಅಚ್ಚು ಹಾಕಿದ ಲೂಟ್ ಪುಸ್ತಕಗಳಲ್ಲಿ, ಯಾವ ಮೆಟ್ಟಿಲು ಒತ್ತಬೇಕು ಅಂತ ತೋರಿಸುವ ಅಂಕಿಯ ಅಡಿಯಲ್ಲಿ ಚುಕ್ಕಿ ಇದ್ದರೆ ಮೇಲ್ಮುಖ ಮೀಟು ಅಂತ ಅರ್ಥ.

ಈ ಅಡ್ಡ ಓಟದಲ್ಲಿ ಬೆರಳಿನ ಮಾಂಸ ಜೋಡಿಯ ಎರಡೂ ತಂತಿಯನ್ನು ಒಟ್ಟಿಗೆ ಒಂದೇ ದಿಕ್ಕಿಗೆ ತಳ್ಳಿ ಬಿಡುತ್ತದೆ. ಎರಡೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತವೆ. ಡಿಕ್ಕಿ ಇಲ್ಲ.

ಮುಂದೆ ತಂತಿಗಳು ಹೆಚ್ಚಿದವು. ಆರು ಸಾಲಿದ್ದದ್ದು ಏಳು, ಎಂಟು, ಹತ್ತು ಆಯಿತು. ದೂರದ ಮಂದ್ರ ತಂತಿಗೆ ಹೆಬ್ಬೆರಳು ಚಾಚಬೇಕಾಯಿತು. 16ನೇ ಶತಮಾನದ ಕೊನೆಗೆ ಹೆಬ್ಬೆರಳು ಹೊರಗೆ ಬಂತು, ಬೆರಳುಗಳು ತಂತಿಗೆ ಹೆಚ್ಚು ಅಡ್ಡವಾದವು. ಡೌಲ್ಯಾಂಡ್ ಕೂಡ ಮೊದಲು ಒಳಗಿನ ಹೆಬ್ಬೆರಳಲ್ಲಿ ನುಡಿಸಿ ಆಮೇಲೆ ಹೊರಗೆ ತಂದವನು ಅಂತ ಆ ಕಾಲದ ಜರ್ಮನ್ ಸಂಗೀತಗಾರ ಸ್ಟೋಬೇಯಸ್‌ನ ಹಸ್ತಪ್ರತಿ ಹೇಳುತ್ತದೆ. ಹೊರಗಿನ ಹೆಬ್ಬೆರಳಿನ ನಾದ ಶುದ್ಧ, ಚುರುಕು, ಕಾಂತಿಯುಳ್ಳದ್ದು. ಒಳಗಿನದು ಮಬ್ಬು ಅಂತ ಅದರ ತೀರ್ಪು. ನನಗೆ ಆ ಮಬ್ಬೇ ಇಷ್ಟ, ಅದು ಬೇರೆ ವಿಷಯ.

ನನ್ನ ಕೈ ಇವೆರಡರಲ್ಲಿ ಯಾವುದೂ ಆಗಿರಲಿಲ್ಲ. ವೀಣೆಯಲ್ಲಿ ತೋರುಬೆರಳು, ನಡುಬೆರಳು ಒಂದೊಂದೇ ತಂತಿಯನ್ನು ಗಟ್ಟಿಯಾಗಿ ಮೀಟುತ್ತವೆ. ಆಮೇಲೆ ಕಾಲೇಜಿನಲ್ಲಿ ಗಿಟಾರ್ ಹಿಡಿದೆ. ಕ್ಲಾಸಿಕಲ್ ಗಿಟಾರಿನ ಒಂದೊಂದು ತಂತಿಗೆ ಆರೇಳು ಕಿಲೋ ಎಳೆತ, ಲೂಟಿನದಕ್ಕೆ ಎರಡರಷ್ಟು. ಆ ಬಲ ತಂದು ಲೂಟಿಗೆ ಹಾಕಿದರೆ ತಂತಿ ಹಗ್ಗದಂತೆ ಎಗರುತ್ತದೆ. ಸಾಲದ್ದಕ್ಕೆ ಉಗುರಿನಿಂದ ಜೋಡಿಯ ಒಂದೇ ತಂತಿಯನ್ನು ಕೊಕ್ಕೆ ಹಾಕಿ ಮೇಲೆ ಎಳೆಯುತ್ತಿದ್ದೆ. ಎಳೆಸಿಕೊಂಡ ತಂತಿ ಮೇಲೆ ಕೆಳಗೆ ಆಡುತ್ತದೆ, ಮೆಟ್ಟಿಲಿಗೆ ಬಡಿಯುತ್ತದೆ. ಜೊತೆಗಾರ ತಂತಿ ಬೇರೆ ಲಯದಲ್ಲಿ ಆಡಿ ಇದಕ್ಕೆ ಢಿಕ್ಕಿ ಹೊಡೆಯುತ್ತದೆ. ಒಂದೇ ಏಟಿಗೆ ಎರಡು ಕಟಕಟ.

ಇಲ್ಲೊಂದು ಸೂಕ್ಷ್ಮ ಇದೆ. ತಂತಿ ಹಲಗೆಗೆ ಪೂರ್ತಿ ಸಮಾನಾಂತರವಾಗಿ ಆಡಿದರೆ ಬಡಿಯುವುದಿಲ್ಲ, ನಿಜ. ಆದರೆ ನಾದವೂ ಸಣ್ಣ. ಕುದುರೆ ಹಲಗೆಯನ್ನು ಅಲುಗಿಸಬೇಕಾದರೆ ತಂತಿಯ ಆಟದಲ್ಲಿ ಸ್ವಲ್ಪ ಮೇಲೆ ಕೆಳಗೂ ಇರಬೇಕು. ಹಾಗಾಗಿ ಒಳ್ಳೆಯ ಮೀಟು ಓರೆಯದ್ದು. ಮೊದಲು ಎರಡೂ ತಂತಿಯನ್ನು ಹಲಗೆಯ ಕಡೆಗೆ ಒಂಚೂರು ಒತ್ತಿ, ಅಲ್ಲಿಂದ ಅಡ್ಡಕ್ಕೆ ಜಾರಿ ಬಿಡುವುದು. ತಂತಿಯ ಮೇಲೆ ಕೂತ ಧೂಳನ್ನು ಬೆರಳಲ್ಲಿ ಒರೆಸುವ ಹಾಗೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಉಗುರಿನ ಜಗಳ ಹಳೆಯದು. 1623ರಲ್ಲಿ ಇಟಲಿಯ ಬೊಲೋನ್ಯಾದ ಲೂಟ್ ವಾದಕ ಪಿಚಿನಿನಿ ಉಗುರಿನ ಪರ. 1676ರಲ್ಲಿ ಇಂಗ್ಲೆಂಡಿನ ಲೂಟ್ ವಾದಕ ಥಾಮಸ್ ಮೇಸ್ ವಿರೋಧ, ಬೆರಳ ತುದಿಯ ಮಾಂಸ ಎಳೆಯುವಷ್ಟು ಇಂಪನ್ನು ಉಗುರು ಎಳೆಯಲಾರದು ಅಂತ. ವಾದ ಏನೇ ಇರಲಿ, ಜೋಡಿ ತಂತಿ ಕಟಕಟ ಅನ್ನುತ್ತಿದ್ದರೆ ಎರಡು ವಾರ ಉಗುರು ಕತ್ತರಿಸಿ ನೋಡಿ. ಉಗುರು ಮತ್ತೆ ಬೆಳೆಯುತ್ತದೆ, ದುಡ್ಡೇನೂ ಖರ್ಚಿಲ್ಲ.

ಜುಯ್ ಇಲ್ಲ, ಆದರೆ ನಾದ ಬಡಕಲು

ಎಲ್ಲಿ ಮೀಟುತ್ತಿದ್ದೀರಿ ನೋಡಿ. ತಂತಿಯನ್ನು ಅದರ ಉದ್ದದ ಐದನೇ ಒಂದು ಭಾಗದಲ್ಲಿ ಮೀಟಿದರೆ ಐದನೇ ಉಪಸ್ವರ (ಮೂಲ ಸ್ವರದ ಒಳಗೇ ಸೇರಿ ಕೇಳುವ ಮೇಲಿನ ಸ್ವರಗಳಲ್ಲಿ ಒಂದು) ಹುಟ್ಟುವುದೇ ಇಲ್ಲ, ಆ ಉಪಸ್ವರ ಅಲ್ಲಿ ನಿಶ್ಚಲವಾಗಿರಬೇಕಾದ್ದರಿಂದ. ಕುದುರೆಯ ಹತ್ತಿರ ಹೋದಂತೆ ಮೇಲಿನ ಉಪಸ್ವರಗಳು ಜಾಸ್ತಿ, ನಾದ ಚೂಪು. ಹೂವಿನ ಕಡೆ ಬಂದಂತೆ ದುಂಡು. 16ನೇ ಶತಮಾನದ ಚಿತ್ರಗಳಲ್ಲಿ ಕೈ ಹೂವಿನ ಹತ್ತಿರ ಇರುತ್ತದೆ. 17ನೇ ಶತಮಾನದವುಗಳಲ್ಲಿ ಕಿರುಬೆರಳು ಕುದುರೆಗೆ ತಾಗಿ, ಕೆಲವು ಕಡೆ ಅದರ ಹಿಂದೆಯೇ ಇರುತ್ತದೆ. 1530ರ ಹಾಡನ್ನು ಕುದುರೆಯ ಪಕ್ಕ ಕೈ ಇಟ್ಟು ನುಡಿಸಿ ಲೂಟ್ ಬಡಕಲು ಅಂದರೆ ಹೇಗೆ?

ವೀಣೆಯವರು ಇಲ್ಲಿ ತಪ್ಪಿ ಬೀಳುತ್ತಾರೆ, ನಾನೂ ಬಿದ್ದೆ. ಸಿ.ವಿ. ರಾಮನ್ 1921ರ ಒಂದು ಲೇಖನದಲ್ಲಿ ಇದನ್ನೇ ಎತ್ತಿ ತೋರಿಸಿದರು. ವೀಣೆ, ತಂಬೂರಿಗಳ ಅಗಲವಾದ ಬಾಗಿದ ಕುದುರೆಯ ಮೇಲೆ ತಂತಿ ತಾಗುತ್ತಾ ಬಿಡುತ್ತಾ ಆಡುತ್ತದೆ. ಹಾಗಾಗಿ ಯಾವ ಜಾಗದಲ್ಲಿ ಮೀಟಿದರೂ, ಅಲ್ಲಿ ಕಾಣೆಯಾಗಬೇಕಿದ್ದ ಉಪಸ್ವರವೂ ಕೇಳುತ್ತದೆ. ಅಂದರೆ ಮೀಟುವ ಜಾಗದ ತಪ್ಪನ್ನು ವೀಣೆಯ ಕುದುರೆ ಅರ್ಧ ಮುಚ್ಚಿಹಾಕುತ್ತದೆ. ಲೂಟಿನ ಕುದುರೆಗೆ ಆ ಕರುಣೆ ಇಲ್ಲ.

ಶ್ರುತಿ ಕೂರದಿದ್ದರೆ

ಲೂಟ್ ವಾದಕ 80 ವರ್ಷ ಬದುಕಿದರೆ ಅದರಲ್ಲಿ 60 ವರ್ಷ ಶ್ರುತಿ ಮಾಡಿಯೇ ಕಳೆದಿರುತ್ತಾನೆ ಅಂತ 1713ರಲ್ಲಿ ಜರ್ಮನಿಯ ಸಂಗೀತ ಲೇಖಕ ಮ್ಯಾಟ್ಟೆಸನ್ ಗೇಲಿ ಮಾಡಿದ್ದ. ಗೇಲಿ ಇರಲಿ. ಮೂರು ಜಾಗ ನೋಡಿ.

ಮೊದಲು ತಂತಿ. ಕರುಳಿನ ತಂತಿ ಉದ್ದಕ್ಕೂ ಒಂದೇ ದಪ್ಪ ಇಲ್ಲದಿದ್ದರೆ ಅದು ಸುಳ್ಳು ತಂತಿ, ಎಷ್ಟು ತಿರುಗಿಸಿದರೂ ಕೂರುವುದಿಲ್ಲ. ಹಳಬರ ಪರೀಕ್ಷೆ ಇವತ್ತಿಗೂ ಚೆನ್ನ. ತಂತಿಯನ್ನು ಕಟ್ಟುವ ಮೊದಲು ಎರಡು ಕೈಯಲ್ಲಿ ಬಿಗಿ ಹಿಡಿದು ಬೆರಳಲ್ಲಿ ಮೀಟಿ, ಬೆಳಕಿಗೆ ನೋಡಿ. ಎರಡು ಶುದ್ಧ ಗೆರೆ ಕಂಡರೆ ಒಳ್ಳೆಯದು. ಗೆರೆಗಳು ಕಲಸಿಕೊಂಡು ಮೂರು ನಾಲ್ಕು ಕಂಡರೆ ಮೆಟ್ಟಿಲು ಕಟ್ಟಲು ಎತ್ತಿಡಿ. ಈಗಾಗಲೇ ಕಟ್ಟಿದ ಜೋಡಿಯಲ್ಲಿ ಒಂದು ತಂತಿಯ ಅಡಿ ಬೆಂಡಿನ ಚೂರು ಇಟ್ಟು ಮೌನ ಮಾಡಿ, ಇನ್ನೊಂದನ್ನು ಮಾತ್ರ ಕೇಳಿ. ಒಂಟಿಯಾಗಿಯೂ ಅಲೆಯುತ್ತಿದ್ದರೆ ಸಿಕ್ಕಿತು ಕಳ್ಳ. ತಲೆಕೆಳಗು ಮಾಡಿ ಕಟ್ಟಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಎರಡನೆಯದು ಮೆಟ್ಟಿಲಿನ ಜಾಗ. ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲೀ ಲೂಟ್ ವಾದಕ. 1581ರ ಪುಸ್ತಕದಲ್ಲಿ ಅವನ ಸುಲಭ ಲೆಕ್ಕ ಇದೆ. ಉಳಿದ ಉದ್ದದ 18ನೇ ಒಂದು ಭಾಗಕ್ಕೆ ಮುಂದಿನ ಮೆಟ್ಟಿಲು. ನನ್ನ 600 ಮಿಲಿಮೀಟರಿಗೆ ಮೊದಲನೆಯದು 33.3ರಲ್ಲಿ, ಎರಡನೆಯದು 64.8ರಲ್ಲಿ. ಹೀಗೇ ಹೋದರೆ ಹನ್ನೆರಡನೆಯದು 300ಕ್ಕೆ ಬರಬೇಕಿದ್ದದ್ದು 297.8ಕ್ಕೇ ಬರುತ್ತದೆ. ಲೆಕ್ಕ ತಪ್ಪಲ್ಲ. ಬೆರಳಿಂದ ಒತ್ತಿದಾಗ ತಂತಿ ಎಳೆದುಕೊಂಡು ಸ್ವರ ತುಸು ಏರುತ್ತದಲ್ಲ, ಆ ಕೊರತೆ ಅದನ್ನು ಸರಿದೂಗಿಸುತ್ತದೆ. ಹಳೆಯ ಸಂಗೀತ ನುಡಿಸುವವರಲ್ಲಿ ಅನೇಕರು ಮೂರನೇ ಸ್ವರ ಇಂಪಾಗಲಿ ಅಂತ ನಾಲ್ಕನೇ ಮೆಟ್ಟಿಲನ್ನು ಬಿರಡೆಯ ಕಡೆಗೆ ಸ್ವಲ್ಪ ಸರಿಸಿರುತ್ತಾರೆ. ಬೇರೆಯವರ ಲೂಟ್ ಕೈಗೆ ಬಂದರೆ ಓರೆಕೋರೆ ಕಂಡಿತು ಅಂತ ಸುಮ್ನೆ ಸರಿಮಾಡಿಬಿಡಬೇಡಿ.

ಮೂರನೆಯದು ಬಿರಡೆ. ಜಾರಿದರೆ ಸೀಮೆಸುಣ್ಣ, ಅಂಟಿಕೊಂಡರೆ ಒಣ ಸೋಪು. ವೀಣೆಗೂ ಇದೇ ಔಷಧ, ಜಾಸ್ತಿ ಹೇಳುವುದೇನಿಲ್ಲ.

ಮೊದಲ ತಂತಿ ಪದೇ ಪದೇ ಹರಿದರೆ ಬೈಯಬೇಡಿ. ಉದ್ದವನ್ನು ಮೀಟರಿನಲ್ಲಿ, ಕಂಪನವನ್ನು ಹರ್ಟ್ಸ್‌ನಲ್ಲಿ ಹಿಡಿದು ಗುಣಿಸಿ. ನನ್ನ ಮೊದಲ ತಂತಿಯ ಸ್ವರ 392 ಹರ್ಟ್ಸ್; 0.6 ಗುಣಿಸು 392, ಸುಮಾರು 235. ಸಾದಾ ಕರುಳು 260ರ ಹೊತ್ತಿಗೆ ಹರಿಯುತ್ತದೆ. ಅಂದರೆ ಅದು ಯಾವಾಗಲೂ ಅಂಚಿನಲ್ಲೇ ಬದುಕುತ್ತದೆ. ಒಂದು ಸ್ವರ ಇಳಿಸಿ ಶ್ರುತಿ ಮಾಡಿ, ಇಲ್ಲವೇ ಕರುಳನ್ನು ಹೋಲುವ ಕೃತಕ ತಂತಿ ನೈಲ್‌ಗಟ್ ಕಟ್ಟಿ.

ಮಂದ್ರ ತಂತಿ ಮಂಕಾಗಿದ್ದರೆ

ದಪ್ಪ ಕರುಳು ಗಡುಸು. ಗಡುಸು ತಂತಿಯ ಉಪಸ್ವರಗಳು ಸರಿಯಾದ ಜಾಗಕ್ಕಿಂತ ಮೇಲೆ ಹೋಗಿ, ಬೇಗ ಸಾಯುತ್ತವೆ. ಲೋಹದ ಎಳೆ ಸುತ್ತಿದ ತಂತಿ 17ನೇ ಶತಮಾನದ ನಡುವಿನವರೆಗೂ ಇರಲಿಲ್ಲ. ಅದಕ್ಕೇ ಮಂದ್ರದ ಪಕ್ಕ ಒಂದು ಸ್ಥಾಯಿ ಮೇಲಿನ ಸಣ್ಣ ತಂತಿ ಕಟ್ಟಿ ಆ ಕಳೆದುಹೋದ ಮಿಂಚನ್ನು ತುಂಬುತ್ತಿದ್ದರು. ನಿಮ್ಮ ಹೆಬ್ಬೆರಳು ದಪ್ಪ ತಂತಿಯನ್ನು ಮಾತ್ರ ಹೊಡೆದು ಸಣ್ಣದನ್ನು ಬಿಡುತ್ತಿದೆಯೋ ಏನೋ ನೋಡಿ. ಎರಡನ್ನೂ ಸೇರಿಸಿ ಮೀಟಿದ ಮೇಲೂ ಮಂಕಾಗಿದ್ದರೆ ತಂತಿ ಹಳತಾಗಿದೆ.

ರಿಪೇರಿಗೆ ಕೊಡುವಾಗ

ಕುದುರೆಯ ಹಿಂಬದಿ ಹಲಗೆಯಿಂದ ಕಾಗದ ತೂರುವಷ್ಟು ಎದ್ದಿದ್ದರೆ ಅವತ್ತೇ ಎಲ್ಲ ತಂತಿಗಳನ್ನೂ ಸಡಿಲಿಸಿ, ನುಡಿಸಬೇಡಿ. ಬಿರುಕು ಕಂಡರೂ ಅಷ್ಟೇ. ಉಳಿದದ್ದಕ್ಕೆ ಅವಸರವಿಲ್ಲ.

‘ಏನೋ ಶಬ್ದ ಬರುತ್ತಿದೆ’ ಅಂತ ಕೊಟ್ಟರೆ ರಿಪೇರಿಯವರಿಗೂ ನಿಮ್ಮ ಹಾಗೇ ಮೊದಲಿಂದ ಹುಡುಕುವ ಕೆಲಸ. ನಾನು ಆ ಚುಕ್ಕಿ ಹಾಳೆಯನ್ನೇ ಪೆಟ್ಟಿಗೆಯಲ್ಲಿಟ್ಟೆ. ಜೊತೆಗೆ ಒಂದು ಚೀಟಿ: ಎರಡನೇ ಮೆಟ್ಟಿಲು ಬದಲಿಸಿದ್ದೇನೆ, ಎಫ್ ಸ್ವರಕ್ಕೆ ಮಾತ್ರ ಶಬ್ದ, ಸಣ್ಣ ತಂತಿಗಳ ಕಡೆಯ ಅಂಚು ಒತ್ತಿದರೆ ನಿಲ್ಲುತ್ತದೆ, ಹೀಟರ್ ಇರುವ ಕೋಣೆ. ಲೂಟ್ ತಯಾರಿಸುವವರು ಚೀಟಿ ಓದಿ, ಅಲ್ಲೇ ಎರಡು ಸಲ ತಟ್ಟಿ ತಲೆಯಾಡಿಸಿದರು. ತೆಳು ಚಾಕುವಿನಿಂದ ಹಲಗೆ ಬಿಚ್ಚಿದಾಗ ಅಡ್ಡಪಟ್ಟಿ ಎರಡು ಸೆಂಟಿಮೀಟರ್ ಬಿಟ್ಟಿತ್ತು.

ಲೂಟ್ ವಾಪಸು ಬಂದ ಮೇಲೆ ಹೀಟರಿನ ಪಕ್ಕದ ಗೋಡೆಯಿಂದ ಅದನ್ನು ಇಳಿಸಿದೆ. ತೇವ ಅಳೆಯುವ ಸಣ್ಣ ಗಡಿಯಾರವೊಂದನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಮುಳ್ಳು ಶೇಕಡಾ 45 ಮತ್ತು 55ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಮೇಸ್‌ನ ಕಾಲದಲ್ಲಿ ಇದಾವುದೂ ಇರಲಿಲ್ಲ. ಹಗಲಲ್ಲಿ ಲೂಟನ್ನು ದಿನವೂ ಮಲಗುವ ಹಾಸಿಗೆಯಲ್ಲಿ ಕಂಬಳಿಗಳ ನಡುವೆ ಇಡಿ, ದುಪ್ಪಟಿಯ ಒಳಗೆ ಬೇಡ, ತೇವ ಇರಬಹುದು ಅಂದಿದ್ದಾನೆ. ಅದರ ಮೇಲೆ ಯಾರೂ ದೊಪ್ಪನೆ ಬೀಳದಂತೆ ನೋಡಿಕೊಳ್ಳಿ ಅಂತಲೂ ಎಚ್ಚರಿಸಿದ್ದಾನೆ. ನಮ್ಮ ಮನೆಯಲ್ಲಿ ಏಳು ವರ್ಷದ ಮಗನಿದ್ದಾನೆ. ಹಾಗಾಗಿ ಪೆಟ್ಟಿಗೆಯೇ ಸರಿ.